ಹೂಳು ಸೇರಿದ ಹಾರ್ಮೋನ್ ತಾನಾಗಿಯೇ ಮಾಯವಾಗುತ್ತದೆಯೇ?

ಪ್ರಶ್ನೆ: ಮನುಷ್ಯರ, ದನಕರುಗಳ ಮೈಯಿಂದ ಬರುವ ಹಾರ್ಮೋನುಗಳು ಸಹಜವಾದವೇ ಅಲ್ವಾ? ಕೊಳಚೆ ನೀರಿನ ಜೊತೆ ನದಿ, ಕೆರೆಯ ತಳ ಸೇರಿದ ಮೇಲೆ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಮುಗಿಸುವುದಿಲ್ಲವೇ?

ಉತ್ತರ: ತಿನ್ನುತ್ತವೆ, ಆದರೆ ಆಮ್ಲಜನಕ ಇದ್ದ ಕಡೆ ಮಾತ್ರ ಚೆನ್ನಾಗಿ. ಕೊಳಚೆ ಸೇರುವ ಕೆರೆಯ ಹೂಳಿನಲ್ಲಿ ಆಮ್ಲಜನಕ ಇಳಿಯುವುದು ಸಾಮಾನ್ಯವಾಗಿ ಮೇಲಿನ ಕೆಲವೇ ಮಿಲಿಮೀಟರ್. ತೊಂದರೆ ಇರುವುದು ಅದರ ಕೆಳಗೆ.

ಮೊದಲು ಇವು ತಳ ಸೇರುವುದು ಹೇಗೆ ನೋಡೋಣ. ನಮ್ಮ ಪಿತ್ತಜನಕಾಂಗ ಹಾರ್ಮೋನಿಗೆ ಗ್ಲುಕುರೋನೈಡ್ ಅಥವಾ ಸಲ್ಫೇಟ್ ಎಂಬ ತುಂಡೊಂದನ್ನು ಅಂಟಿಸಿ ಹೊರಗೆ ಕಳಿಸುತ್ತದೆ. ಆಗ ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಹಾರ್ಮೋನಾಗಿ ಕೆಲಸವನ್ನೂ ಮಾಡುವುದಿಲ್ಲ. ಆದರೆ ಮಲದಲ್ಲಿರುವ ಇ. ಕೋಲೈಯಂಥ ಬ್ಯಾಕ್ಟೀರಿಯಾಗಳು ಚರಂಡಿಯಲ್ಲೇ ಗ್ಲುಕುರೋನೈಡ್ ತುಂಡನ್ನು ಕತ್ತರಿಸಿ ಹಾಕುತ್ತವೆ. ಹಾರ್ಮೋನ್ ಮತ್ತೆ ಚುರುಕಾಗುತ್ತದೆ. ಈಗ ಅದಕ್ಕೆ ನೀರು ಅಷ್ಟಾಗಿ ಒಗ್ಗುವುದಿಲ್ಲ. ಕೊಳೆತ ಎಲೆ, ಪಾಚಿ, ಸೆಗಣಿಯ ಕಣಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ನೀರು ಪರೀಕ್ಷೆಯಲ್ಲಿ ಶುದ್ಧ ಎಂದು ಬಂದರೂ ಹೂಳಿನಲ್ಲಿ ಹಾರ್ಮೋನ್ ಉಳಿದಿರಬಹುದು.

ಇವುಗಳಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ಈಸ್ಟ್ರಡಯೋಲ್ ಎಂಬ ಹೆಣ್ಣು ಹಾರ್ಮೋನಿಗೆ. ಗಾಳಿಯಾಡುವ ಹೂಳಿನಲ್ಲಿ ಬ್ಯಾಕ್ಟೀರಿಯಾಗಳು ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಇದರಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತುಕೊಳ್ಳುತ್ತವೆ. ಉಳಿಯುವುದು ಈಸ್ಟ್ರೋನ್. ಇದರ ಶಕ್ತಿ ಕಡಿಮೆ, ಆದರೆ ಇದೂ ಹೆಣ್ಣು ಹಾರ್ಮೋನೇ. ಆಮ್ಲಜನಕ ಸಿಗುತ್ತಾ ಹೋದರೆ ಮುಂದೆ ಇಂಗಾಲದ ಪರಮಾಣುಗಳು ಕೂಡಿ ಆದ ಅಣುವಿನ ಉಂಗುರಗಳೇ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಸಾಮಾನ್ಯವಾಗಿ ಇನ್ನೂ ಬೇಗ ಮುಗಿಯುತ್ತದೆ. ಅದನ್ನೇ ತಿಂದು ಬದುಕಬಲ್ಲ ಬ್ಯಾಕ್ಟೀರಿಯಾ ಒಂದಕ್ಕೆ ಕೊಮಮೋನಾಸ್ ಟೆಸ್ಟೋಸ್ಟೆರೋನಿ ಎಂದೇ ಹೆಸರು.

ಕೋಲು ಚುಚ್ಚಿದರೆ ಗುಳ್ಳೆ ಏಳುವ, ಕೊಳೆತ ಮೊಟ್ಟೆಯ ವಾಸನೆ ಬರುವ ಕಪ್ಪು ಕೆಸರು ಇದೆಯಲ್ಲ, ಅಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟ್, ಕಬ್ಬಿಣದಂಥವನ್ನು ಬಳಸಿ ಬದುಕುತ್ತವೆ. ಅಲ್ಲೂ ಈಸ್ಟ್ರಡಯೋಲ್ ಈಸ್ಟ್ರೋನ್ ಆಗುತ್ತದೆ. ಆದರೆ ಉಂಗುರ ಒಡೆಯುವ ಕೆಲಸ ಬಹಳ ನಿಧಾನ, ಎಷ್ಟೋ ಸಲ ನಡೆಯುವುದೇ ಇಲ್ಲ. ಅಷ್ಟೇ ಅಲ್ಲ, ಕಳೆದುಕೊಂಡ ಎರಡು ಹೈಡ್ರೋಜನ್ ವಾಪಸ್ ಸೇರಿ ಈಸ್ಟ್ರೋನ್ ಮತ್ತೆ ಈಸ್ಟ್ರಡಯೋಲ್ ಆಗಬಲ್ಲದು. ನನಗೆ ಕಳವಳ ತರುವುದು ಇದೇ. ಈಸ್ಟ್ರಡಯೋಲ್ ಒಂದನ್ನೇ ಅಳೆದು "ಹಾರ್ಮೋನ್ ಹೋಯಿತು" ಎಂದು ಬರೆದ ವರದಿಯನ್ನು ಸುಮ್ನೆ ನಂಬಬೇಡಿ. ಈಸ್ಟ್ರೋನ್ ಎಷ್ಟಿತ್ತು ಎಂದೂ ನೋಡಬೇಕು. ಪ್ರಯೋಗಾಲಯಗಳಲ್ಲಿ ವಿಕಿರಣ ಸೂಸುವ ಇಂಗಾಲ-14 ಸೇರಿಸಿದ ಹಾರ್ಮೋನನ್ನು ಹೂಳಿಗೆ ಹಾಕಿ, ಎಷ್ಟು ಇಂಗಾಲ ಅನಿಲವಾಗಿ ಹೊರಬಂತು ಎಂದು ಅಳೆಯುತ್ತಾರೆ. ಅಣು ನಿಜವಾಗಿ ಒಡೆದು ಹೋಯಿತೇ ಎಂಬುದು ಆಗ ತಿಳಿಯುತ್ತದೆ.

ಇಷ್ಟು ಚಿಕ್ಕ ಪ್ರಮಾಣಕ್ಕೆ ಇಷ್ಟೊಂದು ಚಿಂತೆ ಯಾಕೆ ಅನ್ನಿಸಬಹುದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಈಸ್ಟ್ರಡಯೋಲ್ ಸಾಕು, ಕೆಲವು ಜಾತಿಯ ಗಂಡು ಮೀನುಗಳ ದೇಹ ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಪ್ರೋಟೀನ್ ತಯಾರಿಸಲು ಶುರುಮಾಡುತ್ತದೆ. ಲೀಟರಿಗೆ ಒಂದು ನ್ಯಾನೋಗ್ರಾಂ ಅಂದರೆ 100 ಕೋಟಿ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ. 1990ರ ದಶಕದಲ್ಲಿ ಬ್ರಿಟನ್ನಿನ ನದಿಗಳಲ್ಲಿ, ಸಂಸ್ಕರಿಸಿದ ಕೊಳಚೆ ನೀರು ಸೇರುವ ಜಾಗಗಳಿಂದ ಕೆಳಹರಿವಿನಲ್ಲಿ, ವೃಷಣದೊಳಗೆ ಮೊಟ್ಟೆ ಬೆಳೆದ ರೋಚ್ ಮೀನುಗಳು ಸಿಕ್ಕಿದ್ದವು.

ಹೂಳಿಗೆ ಅಂಟಿದ್ದು ಅಲ್ಲೇ ಇರುತ್ತದೆ ಎಂದೂ ಇಲ್ಲ. ಮೇಲಿನ ನೀರಿನಲ್ಲಿ ಹಾರ್ಮೋನ್ ಕಡಿಮೆಯಾದಾಗ ಹೂಳಿನಲ್ಲಿದ್ದದ್ದು ಸ್ವಲ್ಪಸ್ವಲ್ಪವಾಗಿ ಆ ನೀರಿಗೆ ಬಿಟ್ಟುಕೊಳ್ಳುತ್ತದೆ. ಪ್ರವಾಹ ಬಂದಾಗ, ಹೂಳೆತ್ತುವಾಗ ಆಳದ ಕೆಸರು ಕದಡಿ ಒಮ್ಮೆಲೇ ಮೇಲೆದ್ದು ಬರುತ್ತದೆ. ತಳದಲ್ಲಿ ಬಿಲ ಕೊರೆಯುವ ಹುಳುಗಳು ಎರಡೂ ಕೆಲಸ ಮಾಡುತ್ತವೆ: ಹಳೆಯ ಕೆಸರನ್ನು ಮೇಲಕ್ಕೆ ತರುತ್ತವೆ, ಜೊತೆಗೆ ಆಮ್ಲಜನಕವನ್ನು ಕೆಳಗಿಳಿಸಿ ಬ್ಯಾಕ್ಟೀರಿಯಾಗಳಿಗೆ ನೆರವಾಗುತ್ತವೆ.