ಆಟದ ನಡುವೆ ಇಡೀ ಕಂಪ್ಯೂಟರ್ ಆಫ್ ಆಗುತ್ತಿದೆ, ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯೇ?

ಪ್ರಶ್ನೆ: ಹಳೆಯ ಕಾರ್ಡ್ ತೆಗೆದು ಆರ್‌ಟಿಎಕ್ಸ್ 3080 ಹಾಕಿದ್ದೇನೆ. ಎಸ್‌ಎಂಪಿಎಸ್ (ಕಂಪ್ಯೂಟರ್‌ನೊಳಗೆ ವಿದ್ಯುತ್ ಒದಗಿಸುವ ಘಟಕ) ಹಳೆಯದೇ, 750 ವ್ಯಾಟ್‌ನದು. ದಿನವಿಡೀ ಬೇರೆ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ದೊಡ್ಡ ಆಟ ತೆರೆದ ಸ್ವಲ್ಪ ಹೊತ್ತಿಗೆ ಎಲ್ಲವೂ ಒಮ್ಮೆಲೇ ನಿಂತುಹೋಗುತ್ತದೆ. ಕಾರ್ಡ್ ಬದಲಾಯಿಸಬೇಕೇ?

ಉತ್ತರ: ಅವಸರ ಬೇಡ. ಹೀಗೆ ನಿಲ್ಲುವ ಕಂಪ್ಯೂಟರ್‌ಗಳಲ್ಲಿ ನಾನು ಕಾರ್ಡ್‌ಗಿಂತ ಮೊದಲು ಅನುಮಾನಿಸುವುದು ಅದಕ್ಕೆ ವಿದ್ಯುತ್ ಒದಗಿಸುವ ದಾರಿಯನ್ನು. ಕಂಪ್ಯೂಟರ್ ಯಾವ ರೀತಿ ನಿಲ್ಲುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಪರದೆ ಮಾತ್ರ ಕಪ್ಪಾಗಿ ಫ್ಯಾನ್‌ಗಳು ಜೋರಾಗಿ ತಿರುಗುತ್ತಿದ್ದರೆ ಕಾರ್ಡ್, ಅದರ ಕೇಬಲ್ ಅಥವಾ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕಡೆ ನೋಡಬೇಕು. ನೀಲಿ ಪರದೆ ಬಂದರೆ ಡ್ರೈವರ್ ಜೊತೆಗೆ ರ‍್ಯಾಮ್ ಮೇಲೂ ಕಣ್ಣಿಡಬೇಕು. ಕಾರ್ಡ್ ಬಿಸಿಯಾದರೆ ಸಾಮಾನ್ಯವಾಗಿ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸತೊಡಗುತ್ತದೆ. ನಿಮ್ಮಲ್ಲಾದಂತೆ ಯಾವ ಮುನ್ಸೂಚನೆಯೂ ಇಲ್ಲದೆ ದೀಪ, ಫ್ಯಾನ್, ಪರದೆ ಎಲ್ಲವೂ ಒಂದೇ ಕ್ಷಣದಲ್ಲಿ ಆರಿದರೆ, ಅದರಲ್ಲೂ ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಮತ್ತೆ ಚಾಲೂ ಆಗದಿದ್ದರೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ತಾನೇ ಕೈಬಿಟ್ಟಿದೆ ಎಂದರ್ಥ.

ಕಂಪ್ಯೂಟರ್‌ನಲ್ಲಿ ನಡೆದದ್ದರ ದಾಖಲೆ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ಸಾಲು ಕಂಡು ಗಾಬರಿಯಾಗುವವರು ಬಹಳ. ಹಿಂದಿನ ಸಲ ಕಂಪ್ಯೂಟರ್ ಕ್ರಮವಾಗಿ ಮುಚ್ಚಿಕೊಳ್ಳಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಏಕೆ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ.

‘750 ವ್ಯಾಟ್ ಸಾಕು ಎಂದು ಕಾರ್ಡ್‌ನ ಕಂಪನಿ ಎನ್ವಿಡಿಯಾವೇ ಹೇಳಿದೆಯಲ್ಲ’ ಎಂದು ನೀವು ಕೇಳಬಹುದು. ಹೇಳಿದೆ, ನಿಜ. ಆದರೆ ಆ ಕಾರ್ಡ್‌ನ 320 ವ್ಯಾಟ್ ಎಂಬುದು ಸರಾಸರಿಯ ಮಾತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರುವಾಗ ಮಿಲಿಸೆಕೆಂಡಿನಷ್ಟು ಸಣ್ಣ ಅವಧಿಗೆ ಅದರ ಬೇಡಿಕೆ 450 ವ್ಯಾಟ್ ದಾಟುವುದುಂಟು. ಒಳ್ಳೆಯ ಎಸ್‌ಎಂಪಿಎಸ್ ಆ ಜಿಗಿತವನ್ನು ತಾಳಿಕೊಳ್ಳುತ್ತದೆ. ಹಳೆಯದು ಅಥವಾ ರಕ್ಷಣೆಯ ಮಿತಿಯನ್ನು ಬಿಗಿಯಾಗಿಟ್ಟದ್ದು, ಎಲ್ಲೋ ಶಾರ್ಟ್ ಆಗಿದೆಯೆಂದು ಭಾವಿಸಿ ಕಡಿದುಬಿಡುತ್ತದೆ. ಈ ತೊಂದರೆ ಎಷ್ಟು ವ್ಯಾಪಕವಾಯಿತೆಂದರೆ 2022ರಲ್ಲಿ ಎಸ್‌ಎಂಪಿಎಸ್‌ಗಳಿಗಾಗಿ ಬಂದ ಎಟಿಎಕ್ಸ್ 3.0 ಮಾನದಂಡ, 100 ಮೈಕ್ರೋಸೆಕೆಂಡುಗಳ ಮಟ್ಟಿಗೆ ನಿಗದಿತ ವ್ಯಾಟ್‌ನ ಎರಡು ಪಟ್ಟು ಹೊರೆಯನ್ನೂ ತಾಳಬೇಕು ಎಂಬ ನಿಯಮವನ್ನೇ ತಂದಿತು. ಪೆಟ್ಟಿಗೆಯ ಮೇಲಿನ ‘80 ಪ್ಲಸ್ ಗೋಲ್ಡ್’ ಮುದ್ರೆಗೂ ಇದಕ್ಕೂ ಸಂಬಂಧವಿಲ್ಲ. ಎಷ್ಟು ವಿದ್ಯುತ್ ಶಾಖವಾಗಿ ಪೋಲಾಗುತ್ತದೆ ಎಂಬುದಷ್ಟೇ ಅದರ ಲೆಕ್ಕ.

ಆದರೂ ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಸುರಿಯುವ ಮುನ್ನ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಕಂಪ್ಯೂಟರ್ ಯುಪಿಎಸ್‌ಗೆ ಜೋಡಿಸಿದೆಯೇ? ನಮ್ಮ ಮನೆಗಳಲ್ಲಿ ಕಾಣುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ವಿಎ ಮತ್ತು ವ್ಯಾಟ್ ಒಂದೇ ಅಲ್ಲ. ಕಾರ್ಡ್ ಒಂದೇ 320 ವ್ಯಾಟ್ ಎಳೆಯುವಾಗ ಪ್ರೊಸೆಸರ್, ಮಾನಿಟರ್ ಸೇರಿದರೆ ಯುಪಿಎಸ್ ಕೈಚೆಲ್ಲುವುದು ಸಹಜ. ಒಂದು ಸಂಜೆ ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿ ಆಡಿ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲವೆಂದರೆ ಕ್ಯಾಬಿನೆಟ್ ಬಿಚ್ಚಿ. ಕಾರ್ಡ್‌ಗೆ ವಿದ್ಯುತ್ ಕೊಡುವ ಎಂಟು ಪಿನ್‌ನ ಒಂದೊಂದು ಕನೆಕ್ಟರ್ 150 ವ್ಯಾಟ್‌ಗೆಂದು ನಿಗದಿಯಾದದ್ದು. ಒಂದೇ ಕೇಬಲ್‌ನ ತುದಿಯಲ್ಲಿ ಕವಲೊಡೆದ ಎರಡು ಕನೆಕ್ಟರ್‌ಗಳನ್ನೂ ಕಾರ್ಡ್‌ಗೆ ಚುಚ್ಚಿದ್ದರೆ ತೆಗೆದು, ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ನಂತರ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡ್‌ನ ಪವರ್ ಲಿಮಿಟ್ (ಅದು ಎಳೆಯಬಹುದಾದ ವಿದ್ಯುತ್ತಿನ ಮಿತಿ) ಅನ್ನು 70 ಪ್ರತಿಶತಕ್ಕೆ ಇಳಿಸಿ ಅದೇ ಆಟ ಆಡಿ. ಈಗ ಕಂಪ್ಯೂಟರ್ ನಿಲ್ಲದಿದ್ದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಯಿತು. ಸಾಧ್ಯವಾದರೆ ಸ್ನೇಹಿತರ ದೊಡ್ಡ ಎಸ್‌ಎಂಪಿಎಸ್ ಒಂದು ದಿನದ ಮಟ್ಟಿಗೆ ಎರವಲು ತಂದು ನೋಡಿ. ಅದಕ್ಕಿಂತ ನಂಬಬಹುದಾದ ಪರೀಕ್ಷೆ ಮನೆಯಲ್ಲಿ ಇನ್ನೊಂದಿಲ್ಲ. ಆಗಲೂ ನಿಂತರೆ ಕಾರ್ಡ್ ಅನ್ನು ವಾರಂಟಿಗೆ ಕಳುಹಿಸಿ.

ಹೊಸದನ್ನು ಕೊಳ್ಳುವುದಾದರೆ ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದಿರುವ, 850 ವ್ಯಾಟ್‌ನ ಘಟಕ ತೆಗೆದುಕೊಳ್ಳಿ. ಮುಂದೆ ಆರ್‌ಟಿಎಕ್ಸ್ 5090ರಂತಹ 575 ವ್ಯಾಟ್‌ನ ಕಾರ್ಡ್ ಕೊಳ್ಳುವ ಆಸೆಯಿದ್ದರೆ 1,000ಕ್ಕಿಂತ ಕಡಿಮೆ ಬೇಡ. ಅಂತಹ ಕಾರ್ಡ್‌ಗಳ 16 ಪಿನ್ ಕನೆಕ್ಟರ್ ಅನ್ನು ಅಂಚು ಕಾಣದಂತೆ ಪೂರ್ತಿ ಒತ್ತಿ ಕೂರಿಸಬೇಕು. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090ರ ಕನೆಕ್ಟರ್‌ಗಳು ಕರಗಿದಾಗ, ಸರಿಯಾಗಿ ಕೂರದಿರುವುದೇ ಮುಖ್ಯ ಕಾರಣವೆಂದು ಎನ್ವಿಡಿಯಾ ಹೇಳಿತ್ತು.

ಹೊಸ ಎಸ್‌ಎಂಪಿಎಸ್ ಕೂರಿಸುವಾಗ ಹಳೆಯದರ ಕೇಬಲ್‌ಗಳನ್ನು ಒಂದನ್ನೂ ಉಳಿಸಿಕೊಳ್ಳಬೇಡಿ, ತುದಿ ಸರಿಯಾಗಿ ಹೊಂದಿಕೊಂಡರೂ ಬೇಡ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆಗೆ ಎಲ್ಲರೂ ಪಾಲಿಸುವ ಮಾನದಂಡವಿಲ್ಲ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದರೆ ನಿಮ್ಮ ಹಾರ್ಡ್ ಡಿಸ್ಕ್, ಅದರೊಳಗಿನ ಫೋಟೋಗಳ ಸಮೇತ ಸುಟ್ಟುಹೋಗಬಹುದು.