ಸ್ಪ್ಯಾನಿಷ್‌ನಲ್ಲಿ ‘ಹೋದೆ’, ‘ಆಗಿದ್ದೆ’ ಎರಡಕ್ಕೂ ಒಂದೇ ಪದ ಯಾಕೆ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ‘ಹೋಗು’ ಎಂಬುದಕ್ಕೆ ‘ಇರ್’. ಆದರೆ ‘ಹೋಗುತ್ತೇನೆ’ ಅನ್ನಲು ‘ವೊಯ್’, ‘ಹೋಗುತ್ತಿದ್ದೆ’ ಅನ್ನಲು ‘ಇಬಾ’, ‘ಹೋದೆ’ ಅನ್ನಲು ‘ಫುಯಿ’. ಸಾಲದ್ದಕ್ಕೆ ‘ಫುಯಿ’ ಅಂದರೆ ‘ಆಗಿದ್ದೆ’ ಅಂತಲೂ ಅರ್ಥ. ಇದೇನು ಗೊಂದಲ?

ಉತ್ತರ: ನೀವು ಕಲಿಯುತ್ತಿರುವುದು ಒಂದು ಕ್ರಿಯಾಪದವಲ್ಲ, ಸ್ಪ್ಯಾನಿಷ್‌ನ ತಾಯಿಭಾಷೆಯಾದ ಲ್ಯಾಟಿನ್ನಿನ ಮೂರು.

‘ಇರ್’, ‘ಇಬಾ’ ಎರಡೂ ‘ಈರೆ’ ಎಂಬ ಲ್ಯಾಟಿನ್ ಪದದಿಂದ ಬಂದವು. (ಕನ್ನಡದ ‘ಇರು’ವಿಗೂ ಇದಕ್ಕೂ ನಂಟಿಲ್ಲ. ‘ಹೋಗುತ್ತಾನೆ’ ಎಂಬರ್ಥದ ಸಂಸ್ಕೃತದ ‘ಏತಿ’ಗೆ ಇದೆ, ನಾವು ದಿನವೂ ಬಳಸುವ ‘ಉದಯ’, ‘ಅತೀತ’ ಅದೇ ಧಾತುವಿನವು.) ‘ಈರೆ’ಯ ವರ್ತಮಾನದ ರೂಪಗಳು ‘ಎಒ, ಈಸ್, ಇತ್’. ಜನರ ಬಾಯಲ್ಲಿ ಕೊನೆಯ ‘ತ್’ ಸವೆದರೆ ‘ಹೋಗುತ್ತಾನೆ’ ಅನ್ನಲು ಉಳಿಯುವುದು ಒಂದೇ ಒಂದು ಸ್ವರ. ಅಷ್ಟು ಗಿಡ್ಡ ಪದ ಮಾತಿನ ಭರದಲ್ಲಿ ನಿಲ್ಲಲಿಲ್ಲ. ಆ ಜಾಗಕ್ಕೆ ‘ಮುನ್ನುಗ್ಗಿ ನಡೆ’ ಎಂಬರ್ಥದ ‘ವಾದೆರೆ’ ಬಂತು. ‘ವೊಯ್, ವಾಸ್, ವಾ’ ಅದರ ಮಕ್ಕಳು. ದಾಳಿಯಿಡು ಎಂಬ ‘ಇನ್ವಾದಿರ್’ ಕೂಡ ಅದೇ ಮನೆಯದು.

‘ಫುಯಿ’ಯದು ನಿಜಕ್ಕೂ ಸೊಗಸಾದ ಕಥೆ. ಲ್ಯಾಟಿನ್ನಿನಲ್ಲಿ ಅದು ‘ಇದ್ದೆ’, ‘ಆಗಿದ್ದೆ’ ಅಷ್ಟೇ. ಆದರೆ ಕ್ರಿಸ್ತಶಕ 1ನೇ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸ್‌ನ ‘ಸಟೈರಿಕಾನ್’ ಕಾದಂಬರಿಯಲ್ಲಿ ಔತಣಕ್ಕೆ ಬಂದವನೊಬ್ಬ, ಇವತ್ತು ಸ್ನಾನ ಮಾಡಲಾಗಲಿಲ್ಲ ಎನ್ನುತ್ತಾ ಕಾರಣ ಹೇಳುತ್ತಾನೆ: ‘ಫುಯಿ ಎನಿಮ್ ಹೊದಿಯೆ ಇನ್ ಫೂನುಸ್’. ಅಕ್ಷರಶಃ, ‘ಇವತ್ತು ಶವಸಂಸ್ಕಾರಕ್ಕೆ ಇದ್ದೆ’. ‘ಶವಸಂಸ್ಕಾರದಲ್ಲಿ’ ಅಲ್ಲ, ‘ಶವಸಂಸ್ಕಾರಕ್ಕೆ’! ನಾಮಪದದ ರೂಪ ಗಮ್ಯಸ್ಥಾನವನ್ನು ತೋರಿಸುತ್ತಿದೆ, ಕ್ರಿಯಾಪದ ಮಾತ್ರ ‘ಇದ್ದೆ’ ಎನ್ನುತ್ತಿದೆ. ನಾವು ‘ಹೋಗಿದ್ದೆ’ ಅನ್ನುವಾಗ ‘ಹೋಗಿ’ಯೂ ‘ಇದ್ದೆ’ಯೂ ಜೊತೆಗಿರುತ್ತವೆ, ಆತ ‘ಹೋಗಿ’ಯನ್ನು ಬಿಟ್ಟೇ ಮಾತಾಡಿದ. ಒಂದು ಕಡೆ ಇದ್ದು ಬಂದವನು ಅಲ್ಲಿಗೆ ಹೋಗಿರಲೇಬೇಕಲ್ಲ! ಇಂಥ ಬಳಕೆಯಿಂದಲೇ ‘ಫುಯಿ’ಗೆ ‘ಹೋದೆ’ ಎಂಬ ಅರ್ಥ ಅಂಟಿಕೊಂಡಿತು.

ವಾಕ್ಯದಲ್ಲಿ ಗೊಂದಲವಾಗುವುದು ಅಪರೂಪ. ‘ಫುಯಿ ಆ ಮದ್ರಿದ್’ ಅಂದರೆ ಮ್ಯಾಡ್ರಿಡ್‌ಗೆ ಹೋದೆ. ನಡುವಿನ ‘ಆ’ ನಮ್ಮ ‘ಗೆ’ ಪ್ರತ್ಯಯದ ಕೆಲಸ ಮಾಡುತ್ತದೆ. ‘ಫುಯಿ ಮಾಏಸ್ತ್ರೊ’ ಅಂದರೆ ಮೇಷ್ಟ್ರಾಗಿದ್ದೆ. ಪೋರ್ಚುಗೀಸ್ ಕಲಿತರೂ ಇದೇ ‘ಫುಯಿ’ ಇದೇ ಎರಡು ಅರ್ಥದಲ್ಲಿ ಸಿಗುತ್ತದೆ. ಇಟಾಲಿಯನ್‌ಗೆ ಹೋದರೆ ಮಾತ್ರ ಎಚ್ಚರ: ಅಲ್ಲಿ ‘ಫುಯಿ’ ಈಗಲೂ ‘ಆಗಿದ್ದೆ’ ಮಾತ್ರ, ‘ಹೋದೆ’ ಅನ್ನಲು ‘ಆಂದಾಯ್’ ಎಂಬ ಬೇರೆಯದೇ ಪದವಿದೆ.