ಕಾಲುವೆ ಏರಿಯೇ ಕಾಲುದಾರಿ: ಸ್ಪೇನಿನ ಅಲ್ಪುಹಾರ ಹಳ್ಳಿಗಳ ಹಿನ್ನೆಲೆ

ದಕ್ಷಿಣ ಸ್ಪೇನಿನ ಸಿಯೆರಾ ನೆವಾಡಾ ಪರ್ವತದ ತೆಂಕಣ ಇಳಿಜಾರಿಗೆ ಅಲ್ಪುಹಾರ ಎಂದು ಹೆಸರು. ಇಲ್ಲಿನ ಪೊಕೇರಾ ಕಣಿವೆಯಲ್ಲಿ ಮೂರು ಬಿಳಿ ಹಳ್ಳಿಗಳು ಒಂದರ ತಲೆಯ ಮೇಲೊಂದು ಕೂತಿವೆ. ಕೆಳಗೆ ಸುಮಾರು 1,060 ಮೀಟರ್ ಎತ್ತರದಲ್ಲಿ ಪಂಪನೇರಾ, ನಡುವೆ 1,300ರಲ್ಲಿ ಬುಬಿಯೋನ್, ಮೇಲೆ 1,436ರಲ್ಲಿ ಕಾಪಿಲೇರಾ. ಊರಿಂದೂರಿಗೆ ಹೋಗುವ ಕಲ್ಲುಹಾಸಿನ ದಾರಿ ಏದುಸಿರು ತರಿಸುವಷ್ಟು ಕಡಿದಾಗಿದೆ. ಕಾಪಿಲೇರಾ ದಾಟಿ ಮೇಲೆ ಹೋದರೆ ಮಾತ್ರ ಬೆಟ್ಟದ ಸೊಂಟ ಬಳಸಿ ಸಾಗುವ, ಹೆಚ್ಚುಕಮ್ಮಿ ಸಮತಟ್ಟಾದ ಕಾಲುದಾರಿಗಳು ಸಿಗುತ್ತವೆ. ಇಂಥ ಕಡಿದಾದ ಬೆಟ್ಟದಲ್ಲಿ ಮಟ್ಟಸವಾದ ದಾರಿಯನ್ನು ನಡೆಯುವವರಿಗೆಂದು ಯಾರೂ ಕಡಿದಿರಲಿಲ್ಲ. ಅವು ಕಾಲುವೆಯ ಏರಿಗಳು. ಹೂಳೆತ್ತುವವನು ಓಡಾಡಲೆಂದು ಬಿಟ್ಟ ಒಂದೆರಡು ಅಡಿ ಜಾಗವೇ ಇಂದು ಚಾರಣಿಗರ ಹಾದಿ.

ಈ ಕಾಲುವೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ಅಸೇಕಿಯಾ ಎನ್ನುತ್ತಾರೆ. ಅರಬ್ಬಿಯ 'ಅಸ್ಸಾಕಿಯ' ಅದರ ಮೂಲ. ಅಲ್ಪುಹಾರದಲ್ಲಿ ಇದರ ಎರಡು ಜಾತಿಗಳಿವೆ. ಒಂದು ನೇರವಾಗಿ ಹೊಲಕ್ಕೆ ನೀರುಣಿಸುವಂಥದ್ದು. ಇನ್ನೊಂದು 'ಕಾರೆಯೊ' ಕಾಲುವೆ, ಇದರ ಕೆಲಸ ನೀರನ್ನು ಬೇಕೆಂದೇ ಕಳೆದುಕೊಳ್ಳುವುದು. ವಸಂತದಲ್ಲಿ ಹಿಮ ಕರಗಿ ಹಳ್ಳಗಳು ತುಂಬಿ ಹರಿಯುವಾಗ ಹೊಲಕ್ಕೆ ಅಷ್ಟೊಂದು ನೀರು ಬೇಡ. ಬೇಕಾಗುವುದು ಜುಲೈ, ಆಗಸ್ಟ್‌ನಲ್ಲಿ, ಆಗ ಹಳ್ಳ ಸೊರಗಿರುತ್ತದೆ. ಅದಕ್ಕೇ ಹಿಮನೀರನ್ನು ಎತ್ತರದಲ್ಲೇ ತಿರುಗಿಸಿ, ಕಲ್ಲು ಬಿರುಕುಬಿಟ್ಟು ಮಣ್ಣು ಸಡಿಲವಾಗಿರುವ ಜಾಗಗಳಿಗೆ ಒಯ್ದು ಇಂಗಿಸುತ್ತಾರೆ. ಇಲ್ಲಿನ ಅಭ್ರಕದ ಪದರುಕಲ್ಲು ಮೇಲ್ಭಾಗದಲ್ಲಿ ಪುಡಿಪುಡಿಯಾಗಿರುವುದರಿಂದ ಸ್ಪಂಜಿನಂತೆ ನೀರು ಕುಡಿಯುತ್ತದೆ. ನೆಲದೊಳಗೆ ನಿಧಾನವಾಗಿ ಇಳಿದ ನೀರು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಳಗಿನ ಒರತೆಗಳಲ್ಲಿ ಜಿನುಗುತ್ತದೆ. ಅಣೆಕಟ್ಟಿಲ್ಲದೆ ಬೆಟ್ಟವನ್ನೇ ಕೆರೆ ಮಾಡಿಕೊಂಡ ಜಾಣತನವಿದು. ಬೆರ್ಚುಲೆಸ್ ಹಳ್ಳಿಯ ಮೇಲಿರುವ ಎಲ್ ಎಸ್ಪಿನೊ ಕಾಲುವೆಯಲ್ಲಿ ಭೂಜಲ ತಜ್ಞರು ಈ ಲೆಕ್ಕಾಚಾರವನ್ನು ಅಳೆದು ನೋಡಿದ್ದಾರೆ.

ಈ ಜಾಲ ಬೆಳೆದದ್ದು ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ. ಗ್ರಾನಾಡಾದ ನಸ್ರಿದ್ ಅರಸರು ಅಲ್ಪುಹಾರವನ್ನು 'ತಾಹಾ' ಎಂಬ ಆಡಳಿತ ಘಟಕಗಳಾಗಿ ಹಂಚಿದ್ದರು. ಪಿತ್ರೆಸ್ ಸುತ್ತಲಿನ ಹಳ್ಳಿಗಳ ಪಂಚಾಯಿತಿಗೆ ಇವತ್ತಿಗೂ ಲಾ ತಾಹಾ ಎಂದೇ ಹೆಸರು. ಮೆಟ್ಟಿಲು ಹೊಲಗಳ ಅಂಚಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ತೆಗೆಯುತ್ತಿದ್ದರು. 1492ರ ಜನವರಿ 2ರಂದು ಗ್ರಾನಾಡಾ ಕ್ರೈಸ್ತ ರಾಜರ ಕೈಸೇರಿದಾಗ ಕೊನೆಯ ದೊರೆ ಬೊಅಬ್ದಿಲ್‌ಗೆ ಬಿಟ್ಟುಕೊಟ್ಟ ಸೀಮೆ ಇದೇ. ಮರುವರ್ಷವೇ ಅವನು ಆಫ್ರಿಕಾಕ್ಕೆ ಹೊರಟುಹೋದ. ಅವನ ತಂದೆ ಮುಲೇ ಹಸೆನ್‌ನ ಹೆಸರು ಮಾತ್ರ ಇಲ್ಲಿನ 3,479 ಮೀಟರ್ ಎತ್ತರದ ಮುಲಾಸೆನ್ ಶಿಖರಕ್ಕೆ ಅಂಟಿಕೊಂಡಿತು. ಐಬೀರಿಯಾ ಪರ್ಯಾಯ ದ್ವೀಪದಲ್ಲೇ ಅತಿ ಎತ್ತರದ ಶಿಖರವದು.

ಬಲವಂತದ ಮತಾಂತರ, ಅರಬ್ಬಿ ಭಾಷೆ ಮತ್ತು ಉಡುಪಿನ ಮೇಲಿನ ನಿಷೇಧಗಳಿಂದ ಬೇಸತ್ತ ಮೊರಿಸ್ಕೊ ಜನ, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರು, 1568ರ ಕ್ರಿಸ್ಮಸ್ ಹೊತ್ತಿಗೆ ದಂಗೆ ಎದ್ದರು. 1571ರಲ್ಲಿ ಅದನ್ನು ಹೊಸಕಿ ಹಾಕಲಾಯಿತು. ಅಷ್ಟರಲ್ಲಿ ಗ್ರಾನಾಡಾ ಸೀಮೆಯ ಮೊರಿಸ್ಕೊಗಳನ್ನು ಕಿತ್ತು ಕಸ್ತೀಲ್ ರಾಜ್ಯದ ಉದ್ದಗಲಕ್ಕೆ ಚದುರಿಸಿದ್ದರು. 1609ರಿಂದ 1614ರೊಳಗೆ ದೇಶದಿಂದಲೇ ಹೊರಹಾಕಿದರು. ದಂಗೆಯ ನಂತರ ಖಾಲಿಯಾದ ಹಳ್ಳಿಗಳಿಗೆ ಹೊರಗಿನಿಂದ ಒಕ್ಕಲುಗಳನ್ನು ತಂದು, ಮನೆ, ಹೊಲ, ಮರಗಳನ್ನು ಪಟ್ಟಿ ಮಾಡಿ ಹಂಚಿದರು. ಪಂಪನೇರಾ, ಕಾಪಿಲೇರಾದಂಥ ಹೆಸರುಗಳು ಆಗ ಸ್ಪೇನಿನ ವಾಯವ್ಯದ ಗಲೀಸಿಯಾದಿಂದ ಬಂದವರ ಕೊಡುಗೆ ಎಂದು ಪ್ರವಾಸಿ ಫಲಕಗಳು ಹೇಳುವುದುಂಟು. ನಂಬಬೇಡಿ, ದಂಗೆಗೂ ಹಿಂದಿನ ದಾಖಲೆಗಳಲ್ಲೇ ಈ ಹೆಸರುಗಳಿವೆ. ಬದಲಾದದ್ದು ಜನ. ಮಳೆ ನಂಬಿ ಬೇಸಾಯ ಮಾಡುತ್ತಿದ್ದ ಊರುಗಳಿಂದ ಬಂದವರೂ ಇಲ್ಲಿ ಕಾಲುವೆಯ ಸರದಿ ಕಲಿಯಲೇಬೇಕಾಯಿತು, ಏಕೆಂದರೆ ಕಾಲುವೆ ಇಲ್ಲದೆ ಈ ಮೆಟ್ಟಿಲು ಹೊಲಗಳಲ್ಲಿ ಬೇಸಿಗೆಯ ಬೆಳೆ ಏಳುವುದಿಲ್ಲ. ನಮ್ಮ ಕೆರೆಗಳ ನೀರುಗಂಟಿ ಮಾಡುವ ಕೆಲಸವನ್ನು ಅಲ್ಲಿ ಅಸೇಕಿಯೆರೊ ಮಾಡುತ್ತಾನೆ: ಯಾರ ಹೊಲಕ್ಕೆ ಎಷ್ಟು ಗಂಟೆ ನೀರು, ಯಾವ ತೂಬು ಯಾವಾಗ ತೆರೆಯಬೇಕು, ಎಲ್ಲಿ ಏರಿ ಒಡೆದಿದೆ ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ.

ಮನೆ ಕಟ್ಟುವ ರೀತಿಯೂ ಉಳಿದುಕೊಂಡಿತು. ಕಲಬುರಗಿ, ವಿಜಯಪುರದ ಕಡೆಯ ಮಾಳಿಗೆ ಮನೆ ನೋಡಿದವರಿಗೆ ಇದು ಹೊಸದೆನಿಸದು. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಚಪ್ಪಟೆ ಕಲ್ಲು, ಎಲ್ಲಕ್ಕೂ ಮೇಲೆ 'ಲಾವುನಾ' ಎಂಬ ಬೂದುಬಣ್ಣದ ಜೇಡಿಪುಡಿ. ಮಳೆ ಬಿದ್ದೊಡನೆ ಈ ಮಣ್ಣು ಉಬ್ಬಿ ಒಂದಕ್ಕೊಂದು ಬೆಸೆದು ನೀರು ಇಳಿಯಗೊಡುವುದಿಲ್ಲ. ಮಳೆ ಕೊಚ್ಚಿದ ಕಡೆ ಹೊಸ ಮಣ್ಣು ಹಾಕದಿದ್ದರೆ ಮಾತ್ರ ಸೋರಿಕೆ ಶುರು, ತೊಲೆಯ ತುದಿ ಕೊಳೆತು ಸೂರು ಕುಸಿಯುತ್ತದೆ. ಬೀಗ ಹಾಕಿದ ಮನೆಗಳು ಮೊದಲು ಬೀಳುವುದು ಹೀಗೆಯೇ. ಓಣಿಯ ಮೇಲೆ ಚಾಚಿಕೊಂಡ 'ತಿನಾವೊ' ಎಂಬ ಮುಚ್ಚಿಗೆ, ಕಲ್ಲಿನ ಟೊಪ್ಪಿ ಇಟ್ಟ ದುಂಡು ಹೊಗೆಗೂಡು ಈ ಹಳ್ಳಿಗಳ ಗುರುತು. ಪೊಕೇರಾದ ಮೂರೂ ಊರುಗಳನ್ನು 1982ರಲ್ಲಿ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು.

ಆದರೆ ಅಷ್ಟು ಹೊತ್ತಿಗೆ ಹಳ್ಳಿಗಳು ಬರಿದಾಗಿದ್ದವು. 1950ರಿಂದ 70ರ ದಶಕದವರೆಗೆ ಜನ ಬಾರ್ಸಿಲೋನಾಕ್ಕೆ, ಜರ್ಮನಿಗೆ ಗುಳೆ ಹೋದರು. ಖಾಲಿ ಬೆಟ್ಟಕ್ಕೆ ಹೊರಗಿನವರು ಬಂದರು. 1980ರಲ್ಲಿ ಕಣಿವೆಯ ಎದುರು ದಿಬ್ಬದಲ್ಲಿ ಓ ಸೆಲ್ ಲಿಂಗ್ ಎಂಬ ಟಿಬೆಟನ್ ಬೌದ್ಧ ಧ್ಯಾನಕೇಂದ್ರ ಹುಟ್ಟಿತು. ಬುಬಿಯೋನ್‌ನ ದಂಪತಿಯೊಬ್ಬರಿಗೆ 1985ರಲ್ಲಿ ಹುಟ್ಟಿದ ಮಗುವನ್ನು ಅದರ ಸ್ಥಾಪಕ ಲಾಮಾರ ಪುನರವತಾರವೆಂದು ಗುರುತಿಸಿದರು. ಆ ಹುಡುಗ ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ! ಸಿಯೆರಾ ನೆವಾಡಾ 1989ರಲ್ಲಿ ನಿಸರ್ಗ ಉದ್ಯಾನವಾಯಿತು, 1999ರಲ್ಲಿ ಅದರ ಎತ್ತರದ ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಹಳೆಯ ಹೇಸರಗತ್ತೆ ದಾರಿಗಳಿಗೆ ಬಣ್ಣದ ಗುರುತು ಬಂತು. ಜಿಆರ್ 7 ದೂರದಾರಿ ಪಂಪನೇರಾ, ಬುಬಿಯೋನ್, ಪಿತ್ರೆಸ್ ಮುಟ್ಟಿ ತ್ರೆವೆಲೆಸ್‌ಗೆ ಹೋಗುತ್ತದೆ. ಜಿಆರ್ 240, ಅಂದರೆ ಸುಲೈರ್, ಸುಮಾರು 300 ಕಿಲೋಮೀಟರ್‌ನಲ್ಲಿ 19 ಹಂತಗಳಾಗಿ ಇಡೀ ಪರ್ವತವನ್ನು ಸುತ್ತುತ್ತದೆ.

ಬಣ್ಣ ಬಳಿದ ಮಾತ್ರಕ್ಕೆ ದಾರಿ ಉಳಿಯುವುದಿಲ್ಲ, ಅದೇ ತೊಡಕು. ಕಾಲುವೆಯ ದಾರಿ ಉಳಿಯಬೇಕಾದರೆ ಪ್ರತಿ ವಸಂತದಲ್ಲಿ ಹಿಮ ಕರಗುವ ಮುನ್ನ ಯಾರೋ ಗುದ್ದಲಿ ಹಿಡಿದು ಹೂಳು, ಮುಳ್ಳುಪೊದೆ, ಉರುಳಿಬಿದ್ದ ಕಲ್ಲು ತೆಗೆಯಬೇಕು. ಒಂದೆರಡು ವರ್ಷ ಬಿಟ್ಟರೆ ಕಸ ಕಟ್ಟಿ ನೀರು ಏರಿಯ ಮೇಲೆ ಹರಿದು, ಏರಿ ಕೊರೆದು, ದಾರಿ ಸಮೇತ ಕೊಚ್ಚಿಹೋಗುತ್ತದೆ. ಆಳು ಸಿಗದ್ದಕ್ಕೆ ಅನೇಕ ಕಡೆ ಕಂಡ ಪರಿಹಾರ ಸಿಮೆಂಟು ಮತ್ತು ಪ್ಲಾಸ್ಟಿಕ್ ಪೈಪು. ಸೋರಿಕೆ ನಿಲ್ಲುತ್ತದೆ, ಕಾಗದದ ಮೇಲೆ ನೀರು ಉಳಿಯುತ್ತದೆ. ಆದರೆ ಮಣ್ಣಿನ ಕಾಲುವೆಯ ಸೋರಿಕೆಯೇ ದಾರಿಬದಿಯ ಚೆಸ್ಟ್‌ನಟ್ ಮರಗಳಿಗೂ ಕೆಳಗಿನ ಒರತೆಗಳಿಗೂ ಆಸರೆ. ಸೋರಿಕೆಯನ್ನು ನಷ್ಟವೆಂದು ಬರೆದುಕೊಂಡ ಲೆಕ್ಕವೇ ಇಲ್ಲಿ ತಪ್ಪಿದೆ. ಇದಕ್ಕೆ ಎದುರಾಗಿ 2014ರಲ್ಲಿ ಗ್ರಾನಾಡಾ ವಿಶ್ವವಿದ್ಯಾಲಯದವರು, ಸ್ವಯಂಸೇವಕರು ಮತ್ತು ಊರವರು ಸೇರಿ ಕಾಞಾರ್ ಹಳ್ಳಿಯಲ್ಲಿ ದಶಕಗಳಿಂದ ಪಾಳುಬಿದ್ದ ಬಾರ್ಹಾಸ್ ಕಾಲುವೆಯ ಹೂಳೆತ್ತಿ ನೀರು ಹರಿಸಿದರು. ಆಮೇಲೆ ಬೇರೆ ಊರುಗಳಲ್ಲೂ ಇದು ನಡೆಯಿತು.

ನಡೆಯಲು ಹೋಗುವವರು ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಿಸಿಕೊಳ್ಳುವುದು ಒಳ್ಳೆಯದು. ಕಾರೆಯೊ ಕಾಲುವೆಗಳಲ್ಲಿ ನೀರು ಕಾಣಬೇಕಾದರೆ ಹಿಮ ಕರಗುವ ಕಾಲವೇ ಸರಿ. ಪಂಪನೇರಾದಿಂದ ಕಾಪಿಲೇರಾಕ್ಕೆ 380 ಮೀಟರ್ ಏರು, ನಿಧಾನವಾಗಿ ಒಂದೂವರೆ ಗಂಟೆ. ಅಲ್ಲಿಂದ ಲಾ ಸೆಬದಿಯಾ ಎಂಬ ಪಾಳುಬಿದ್ದ ವಿದ್ಯುತ್ ಕಾರ್ಮಿಕರ ಕಾಲೊನಿ ದಾಟಿ 2,500 ಮೀಟರ್‌ನ ಪೊಕೇರಾ ತಂಗುದಾಣಕ್ಕೆ ಏರಲು ಪೂರ್ತಿ ದಿನ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಅದರಿಂದ ಮೇಲಕ್ಕೆ ಹೋಗಲು ಬೂಟಿಗೆ ಕಟ್ಟುವ ಹಿಮಮುಳ್ಳು, ಹಿಮಗೊಡಲಿ ಬೇಕು.

ಹೆಚ್ಚಿನವರು ದಾರಿ ತಪ್ಪುವುದು ಒಂದೇ ಕಾರಣಕ್ಕೆ. ಸಮತಟ್ಟಾಗಿದೆಯಲ್ಲ ಎಂದು ಕಾಲುವೆಯ ಏರಿಯನ್ನೇ ಹಿಡಿದು ಮೇಲ್ಮುಖವಾಗಿ ಹೋಗುತ್ತಾರೆ. ಕಾಲುವೆಯ ತಲೆ ಊರಲ್ಲಿರುವುದಿಲ್ಲ, ಹಳ್ಳದ ಕಡಿದಾದ ಕೊರಕಲಲ್ಲಿರುತ್ತದೆ, ದಾರಿ ಅಲ್ಲೇ ಮುಗಿಯುತ್ತದೆ. ಕೆಂಪು ಬಿಳಿ ಪಟ್ಟಿಗಳು ಅಡ್ಡಡ್ಡ ಕತ್ತರಿಸಿದಂತೆ ಕಂಡರೆ ಅದು 'ಈ ಕಡೆ ಅಲ್ಲ' ಎಂಬ ಗುರುತು. 1:25,000 ಅಳತೆಯ ನಕ್ಷೆ ಜೊತೆಗಿರಲಿ, ಕೊರಕಲುಗಳಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ. ತುರ್ತು ಸಂಖ್ಯೆ 112. ಒದ್ದೆ ಪದರುಕಲ್ಲು ಸೋಪಿನಂತೆ ಜಾರುತ್ತದೆ. ಏರಿ ತೀರಾ ಕಿರಿದಾದ ಕಡೆ ಅಂಚಿನಲ್ಲಿ ಕಾಲಿಡುವ ಬದಲು ಕಾಲುವೆಯೊಳಗೆ ಇಳಿದು ನಡೆಯಿರಿ, ಬೂಟು ನೆನೆದರೂ ಪರವಾಗಿಲ್ಲ, ಒಡೆದ ಅಂಚನ್ನು ಕಟ್ಟುವುದು ಕಷ್ಟ.

ಕಾಲುವೆಗೆ ಅಡ್ಡಲಾಗಿ ಚಪ್ಪಟೆ ಕಲ್ಲಿಟ್ಟು ಹುಲ್ಲುಹೆಂಟೆ ಒತ್ತಿದ್ದರೆ ಅದನ್ನು ಕಸವೆಂದು ತೆಗೆಯಬೇಡಿ. ಕೆಳಗಿನ ಯಾರದೋ ಹೊಲಕ್ಕೆ ಆ ಹೊತ್ತಿನ ನೀರಿನ ಸರದಿ ಅದು.